ನುಂಗದ ಮಾತ್ರೆ

ನನಗೆ ಗುಮಾನಿ ಜಾಸ್ತಿ. ಹಾಲಿನವನು ತಾನಾಗಿಯೇ "ಇವತ್ತು ನೀರು ಹಾಕಿಲ್ಲ ಮೇಡಮ್" ಎಂದರೆ ಅವತ್ತೇ ಹೆಚ್ಚು ಹಾಕಿದ್ದಾನೆ ಎಂದುಕೊಳ್ಳುವ ಪೈಕಿ ನಾನು. ಸಿಕ್ಕ ಕೆಲಸವೂ ಅಂಥದ್ದೇ. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ, ರಜೆಯಲ್ಲಿ ಪ್ರವಾಸ ಹೋಗಿ ಬಂದೆವೆಂದು ಸರ್ಕಾರದ ಹಣಕ್ಕಾಗಿ ನೌಕರರು ಕೊಡುವ ಟಿಕೆಟ್ಟುಗಳು ನಿಜವೋ ಸುಳ್ಳೋ ನೋಡುವುದು ನನ್ನ ಪಾಲಿಗೆ ಬಂದಿತ್ತು. ಕನ್ಯಾಕುಮಾರಿಗೆ ಹೋಗದೆ ಕನ್ಯಾಕುಮಾರಿಯ ಟಿಕೆಟ್ಟು ತಂದವರನ್ನು ಅವರು ಮೇಜಿನ ಮುಂದೆ ನಿಲ್ಲುವ ರೀತಿಯಲ್ಲೇ ಗುರುತು ಹಿಡಿಯುತ್ತಿದ್ದೆ. ಇಂಥವಳ ಕೈಗೆ ಹೃದಯದ ಡಾಕ್ಟರು ಒಂದು ಪುಟ್ಟ ಮಾತ್ರೆ ಬರೆದುಕೊಟ್ಟು, ದಿನಾ ತೆಗೆದುಕೊಳ್ಳಿ, ಏನೂ ಆಗುವುದಿಲ್ಲ ಎಂದರೆ ನಾನು ನಂಬುವುದುಂಟೇ? ಹಾಗೆ ಮಾತ್ರೆ ಕೈಯಲ್ಲಿ ಹಿಡಿದು, ನುಂಗಲೋ ಬೇಡವೋ ಎಂದು ಕೂತಿರುವವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ಎದೆ ಹೊಡೆದುಕೊಳ್ಳುವುದು ನನಗೆ ಹೊಸದಲ್ಲ. ಮಗಳು ನಿಧಿ ಹುಟ್ಟಿದ ಮೇಲೆ ಶುರುವಾದದ್ದು. ಇದ್ದಕ್ಕಿದ್ದ ಹಾಗೆ ಕೈಕಾಲು ತಣ್ಣಗಾಗಿ, ಗಂಟಲು ಒಣಗಿ, ಈಗ ಸತ್ತೆ ಅನಿಸುವುದು. ಆಸ್ಪತ್ರೆಗೆ ಓಡುವುದು, ಇಸಿಜಿ ತೆಗೆಸುವುದು, "ಬಿಲ್ಕುಲ್ ನಾರ್ಮಲ್, ಟೆನ್ಶನ್ ಮತ್ ಲೋ" ಎನಿಸಿಕೊಂಡು ತಲೆ ತಗ್ಗಿಸಿ ಮನೆಗೆ ಬರುವುದು. ಜನಕಪುರಿಯ ಸುತ್ತಮುತ್ತ ನಾನು ಇಸಿಜಿ ತೆಗೆಸಿಕೊಳ್ಳದ ನರ್ಸಿಂಗ್ ಹೋಮ್ ಉಳಿದಿರಲಿಲ್ಲ. ನನ್ನ ಗಂಡ ಮೂರ್ತಿ ಬೇರೊಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ಕೊನೆಕೊನೆಗೆ ಅವರು ಇಸಿಜಿ ಕಾಗದ ಬಿಚ್ಚಿ ನೋಡುವುದನ್ನೂ ಬಿಟ್ಟಿದ್ದರು. ಅವರನ್ನು ತಪ್ಪು ಅನ್ನಲಾರೆ, ಆದರೆ ಅವರು ನೋಡದಿದ್ದಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಜನಕಪುರಿಗೆ ಮೆಟ್ರೋ ಬಂದ ಹೊಸತು. ನಾನು ಮಾತ್ರ ಹಳೆಯ ಚಾರ್ಟರ್ಡ್ ಬಸ್ಸನ್ನೇ ಹಿಡಿದಿದ್ದೆ. ವರ್ಷಗಟ್ಟಲೆ ಅದೇ ಸೀಟು, ಅದೇ ಹೆಂಗಸರು, ಅದೇ ಸ್ವೆಟರ್ ಹೆಣಿಗೆ. ಒಂದು ಚಳಿಗಾಲದ ಬೆಳಿಗ್ಗೆ ಧೌಲಾಕುವಾ ದಾಟುವಾಗ ಎದೆಯೊಳಗೆ ಏನೋ ಜಾರಿದಂತಾಯಿತು. ಒಂದು ಬಡಿತ ತಪ್ಪಿ, ಆಮೇಲೆ ಎರಡು ಒಟ್ಟಿಗೆ ಬಂದ ಹಾಗೆ. ಇದು ನನಗೆ ಗೊತ್ತಿರುವ ಹೆದರಿಕೆಯಲ್ಲ ಎಂದು ಆಗಲೇ ಅನಿಸಿತು. ಹೆದರಿಕೆ ಓಡುತ್ತದೆ, ಇದು ಎಡವುತ್ತಿತ್ತು.

ಈ ಸಲ ನಾನೇ ಹಟ ಹಿಡಿದು, ಗಂಡನನ್ನೂ ಎಳೆದುಕೊಂಡು ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರ ಹತ್ತಿರ ಹೋದೆ. ವಯಸ್ಸಾದ ಪಂಜಾಬಿ, ನಿಧಾನದ ಮನುಷ್ಯ. ಒಂದು ಹಗಲು ಒಂದು ರಾತ್ರಿ ಎದೆಗೆ ತಂತಿಗಳನ್ನು ಅಂಟಿಸಿ, ಸೊಂಟಕ್ಕೆ ಪುಟ್ಟ ಯಂತ್ರ ಕಟ್ಟಿ ಕಳಿಸಿದರು. ಮರುದಿನ ಅದರ ಕಾಗದ ನೋಡಿ ಹೇಳಿದರು: ಬಡಿತ ಅಲ್ಲಲ್ಲಿ ನಿಜವಾಗಿಯೂ ತಪ್ಪುತ್ತಿದೆ, ಬಿಪಿಯೂ ಮೇಲಿದೆ, ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಮಾತ್ರೆ ಬೇಕು. ಜೊತೆಗೆ ನಿಮಗೆ ಹೆದರಿಕೆಯ ಕಾಯಿಲೆಯೂ ಇದೆ, ಅದನ್ನೂ ನೋಡೋಣ ಎಂದರು.

ಯೋಚನೆ ಮಾಡಿ. ಅಷ್ಟು ವರ್ಷ ನಾನು ಏನೋ ಇದೆ ಎಂದಾಗ ಎಲ್ಲರೂ ಏನೂ ಇಲ್ಲ ಎಂದರು. ಈಗ ಅವರು ಇದೆ ಎಂದ ತಕ್ಷಣ ನನಗೆ ಖುಷಿಯಾಗಬೇಕಿತ್ತು. ಅದರ ಬದಲು ಗುಮಾನಿ ಬಂತು. ಇಷ್ಟು ದಿನ ಇಲ್ಲದ್ದು ಇವತ್ತು ಎಲ್ಲಿಂದ ಬಂತು? ಮೇಜಿನ ಮೇಲಿನ ಕ್ಯಾಲೆಂಡರು, ಪೆನ್ನು, ಗೋಡೆಯ ಗಡಿಯಾರ ಎಲ್ಲದರ ಮೇಲೂ ಔಷಧಿ ಕಂಪನಿಯದೇ ಹೆಸರು. ಓಹೋ ಎಂದುಕೊಂಡೆ.

ಮನೆಗೆ ಬಂದು ಡಬ್ಬಿಯೊಳಗಿನ ಕಾಗದ ಬಿಡಿಸಿದೆ. ಇರುವೆ ಸಾಲಿನಂಥ ಅಕ್ಷರ. ನಾಡಿ ನಿಧಾನವಾಗಬಹುದು, ತಲೆ ಸುತ್ತಬಹುದು, ಕೆಟ್ಟ ಕನಸು ಬೀಳಬಹುದು, ವೈದ್ಯರನ್ನು ಕೇಳದೆ ಒಮ್ಮೆಗೇ ನಿಲ್ಲಿಸಬಾರದು. ಕೊನೆಯ ಮಾತು ಓದಿ ನನ್ನ ಕಿವಿ ನೆಟ್ಟಗಾಯಿತು. ಶುರು ಮಾಡಿದರೆ ನಮ್ಮಿಷ್ಟಕ್ಕೆ ಬಿಡುವ ಹಾಗಿಲ್ಲ ಅಂದರೆ ಅದನ್ನು ಔಷಧಿ ಅನ್ನುತ್ತಾರೋ ಬಲೆ ಅನ್ನುತ್ತಾರೋ? ಇವರಿಗೆ ಓದಿ ಹೇಳಿದೆ. "ಆಸ್ಪಿರಿನ್ ಡಬ್ಬೀಲೂ ಹೀಗೇ ಬರ್ದಿರ್ತಾರೆ ಕಣೆ. ನುಂಗು, ಅಷ್ಟೆ" ಎಂದು ಪೇಪರಿನ ಪುಟ ತಿರುವಿದರು.

ಉಳಿದ ಹುಳ ಬಿಟ್ಟವರು ಕೆಳಗಿನ ಮನೆಯ ಸೇಠಿ ಆಂಟಿ. ಸಕ್ಕರೆ ಕೇಳಲು ಬಂದವರು ಫ್ರಿಜ್ಜಿನ ಮೇಲಿದ್ದ ಮಾತ್ರೆಯ ಪಟ್ಟಿ ನೋಡಿ, ಅರೆ, ಇದನ್ನೇ ಅಲ್ಲವೇ ನಮ್ಮ ಪಿಂಕಿಗೆ ಇಂಟರ್‌ವ್ಯೂ ದಿನ ಘಬರಾಹಟ್ ಆಗಬಾರದು ಅಂತ ಡಾಕ್ಟರು ಕೊಟ್ಟದ್ದು ಎಂದರು. ಅಂದರೆ ಇದು ಹೃದಯದ ಮಾತ್ರೆಯೇ ಅಲ್ಲ! ಹೃದಯದ ಹೆಸರು ಹೇಳಿ ತಲೆಗೆ ಔಷಧಿ ಕೊಟ್ಟಿದ್ದಾರೆ. ನಮ್ಮ ಮನೆಯವರೂ ಡಾಕ್ಟರ ಜೊತೆ ಸೇರಿಕೊಂಡಿರಬೇಕು. ಅವತ್ತು ನಾನು ಯಂತ್ರ ಬಿಚ್ಚಿಸಿಕೊಳ್ಳಲು ಒಳಗೆ ಹೋದಾಗ ಇಬ್ಬರೂ ಏನೋ ಮಾತಾಡುತ್ತಿದ್ದರಲ್ಲ!

ಒಂದೇ ಮಾತ್ರೆ ಎರಡಕ್ಕೂ ಆಗುತ್ತದೆ, ಎದೆಯ ಎಡವಾಟಕ್ಕೂ ಹೆದರಿದ ಎದೆಯ ಓಟಕ್ಕೂ, ಎಂಬುದು ಎಷ್ಟು ಸರಳ ಮಾತು. ಡಾಕ್ಟರನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದರು. ಆದರೆ ಗುಮಾನಿ ಇರುವವರು ಆರೋಪಿಯನ್ನೇ ಹೋಗಿ ಕೇಳುತ್ತಾರೆಯೇ? ನಾನು ಕೇಳಲಿಲ್ಲ. ಎಲ್ಲಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಾಡಿ ನಿಧಾನವಾಗುತ್ತಾ ಆಗುತ್ತಾ ಮಲಗಿದಾಗ ನಿಂತೇ ಹೋದರೆ? ಬೆಳಿಗ್ಗೆ ನಿಧಿ ಬಂದು ಎಬ್ಬಿಸಿದರೆ ಏಳದಿದ್ದರೆ? ಅವಳಿಗೆ ಆಗ ಹದಿಮೂರು.

ಹಾಗಾಗಿ ಮಾತ್ರೆ ಬೇಸಿನ್ನಿಗೆ ಹೋಗತೊಡಗಿತು. ದಿನಾ ತಿಂಡಿ ಆದ ಮೇಲೆ ಪಟ್ಟಿಯಿಂದ ಒಂದನ್ನು ಚಿಟಕ್ಕೆಂದು ಒತ್ತಿ ತೆಗೆಯುವುದು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುವುದು. ಇವರು ಖಾಲಿ ಪಟ್ಟಿ ನೋಡಿ ಸಮಾಧಾನವಾಗಿದ್ದರು. ಕನ್ಯಾಕುಮಾರಿ ಟಿಕೆಟ್ಟಿನವರನ್ನು ಹಿಡಿಯುವ ನನಗೆ ಮನೆಯಲ್ಲಿ ಇಷ್ಟು ನಾಟಕ ಆಡುವುದು ಕಷ್ಟವಾಗಲಿಲ್ಲ.

ಮಾತ್ರೆಯ ಜಾಗಕ್ಕೆ ಏನಾದರೂ ಬೇಕಲ್ಲ. ಆ ವರ್ಷಗಳಲ್ಲಿ ದೆಹಲಿಯ ಪಾರ್ಕು ಪಾರ್ಕಿನಲ್ಲೂ ಪ್ರಾಣಾಯಾಮ. ನಮ್ಮ ಬ್ಲಾಕಿನ ಪಾರ್ಕಿನಲ್ಲೂ ಬೆಳಿಗ್ಗೆ ಚಾಪೆ ಹಾಸಿಕೊಂಡು ಬುಸ್ ಬುಸ್ ಎಂದು ಉಸಿರು ಬಿಡುವವರ ಸಾಲು. ಸೇಠಿ ಆಂಟಿ ನನ್ನನ್ನೂ ಸೇರಿಸಿದರು. ಉಸಿರಾಟದಿಂದ ನನಗೆ ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ಹೆಂಗಸರ ಜೊತೆ ನಗುತ್ತಾ ಕೂತ ಅರ್ಧ ಗಂಟೆ ಎದೆಯ ನೆನಪೇ ಇರುತ್ತಿರಲಿಲ್ಲ. ಅದರ ಬೆನ್ನಿಗೇ ಬಂತು ಲೌಕಿ ಜ್ಯೂಸ್. ಹಸಿ ಸೋರೆಕಾಯಿಯನ್ನು ಪುದೀನ ಹಾಕಿ ಮಿಕ್ಸಿಯಲ್ಲಿ ತಿರುವಿ, ಸೋಸಿ, ಖಾಲಿ ಹೊಟ್ಟೆಗೆ ಕುಡಿಯುವುದು. ಹೃದಯಕ್ಕೆ ಅದಕ್ಕಿಂತ ಬೇರೆ ಬೇಡ ಎಂದು ಎಲ್ಲರೂ ಹೇಳುತ್ತಿದ್ದರು. ಡಾಕ್ಟರ ಒಂದು ಮಾತನ್ನೂ ನಂಬದವಳು ಇದನ್ನು ಒಂದೂ ಪ್ರಶ್ನೆ ಕೇಳದೆ ನಂಬಿದೆ. ಸೋರೆಕಾಯಿ ನಮ್ಮದು, ಅಡುಗೆಮನೆಯದು. ಅದರ ಜೊತೆ ಇರುವೆ ಸಾಲಿನ ಕಾಗದ ಬರುವುದಿಲ್ಲ.

ಮೇ ತಿಂಗಳ ಒಂದು ಭಾನುವಾರ. ಬೆಳಿಗ್ಗೆಯೇ ಕಾದ ಗಾಳಿ. ಹಿಂದಿನ ದಿನ ತರಕಾರಿ ಗಾಡಿಯ ಭಯ್ಯಾ ಕೊಟ್ಟ ಸೋರೆಕಾಯಿ ತಿರುವಿ ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದೆ. ವಿಷದಂಥ ಕಹಿ. ಹಾಗಲಕಾಯಿಯ ಕಹಿಯಲ್ಲ, ನಾಲಿಗೆಯ ಬುಡ ಹಿಂಡುವ ಕಹಿ. ಪಲ್ಯಕ್ಕಾಗಿದ್ದರೆ ನಾನು ಮೊದಲೇ ಒಂದು ಚೂರು ಕಡಿದು ನೋಡಿ ಇಡೀ ಕಾಯಿ ಎಸೆಯುತ್ತಿದ್ದೆ. ಅಮ್ಮ ಕಲಿಸಿದ್ದು ಅದು, ಕೈಗೆ ತಾನಾಗಿ ಬರುತ್ತದೆ. ಆದರೆ ಇದು ಅಡುಗೆಯಲ್ಲ, ಔಷಧಿ. ಔಷಧಿ ಕಹಿ ಇರದೆ ಇನ್ನೇನು? ಕಹಿ ಇದ್ದಷ್ಟೂ ಕೆಲಸ ಮಾಡುತ್ತದೆ ಎಂದು ಪಾರ್ಕಿನಲ್ಲೂ ಯಾರೋ ಹೇಳಿದ್ದರು. ಮೂಗು ಹಿಡಿದು ಪೂರ್ತಿ ಕುಡಿದೆ.

ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ತೊಳಸತೊಡಗಿತು. ವಾಂತಿ, ಭೇದಿ, ಮತ್ತೆ ವಾಂತಿ. ವಾಂತಿಯಲ್ಲಿ ರಕ್ತದ ಗೆರೆ ನೋಡಿ ಕಣ್ಣು ಕತ್ತಲೆ ಬಂತು. ಇವರು ಮತ್ತು ನಿಧಿ ಸೇರಿ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ತಂದರು.

ಅಲ್ಲಿದ್ದವನು ಚಿಕ್ಕ ವಯಸ್ಸಿನ ಡಾಕ್ಟರು. ಬಿಪಿ ತೀರಾ ಕೆಳಗಿದೆ ಎಂದು ಸಲೈನ್ ಹಾಕಿಸಿದ. ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದ. ಇವರು ಅಂಗಿಯ ಜೇಬಿನಿಂದ ಪಟ್ಟಿ ತೆಗೆದು ತೋರಿಸಿದರು, ಮೂರು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ ಎಂದರು. ಆ ಮಾತಿನಲ್ಲಿ ಹೆಮ್ಮೆಯಿತ್ತು. ಡಾಕ್ಟರು ಪಟ್ಟಿಯನ್ನು ತಿರುಗಿಸಿ ನೋಡಿ, ಇದರಿಂದಲೇ ಬಿಪಿ ಬಿದ್ದಿರಬೇಕು, ಇವರಿಗೆ ಇದು ಒಗ್ಗಿಲ್ಲ, ಇನ್ನು ನಿಲ್ಲಿಸಿಬಿಡಿ ಎಂದ.

ಮಂಚದ ಮೇಲೆ ಅರೆಗಣ್ಣಾಗಿ ಮಲಗಿದ್ದ ನನಗೆ ಆ ಸ್ಥಿತಿಯಲ್ಲೂ ಸಂತೋಷವಾಯಿತು. ನೋಡಿ, ನಾನು ಹೇಳಲಿಲ್ಲವೇ! ಈಗ ಡಾಕ್ಟರೇ ಹೇಳಿದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಆ ಮಾತ್ರೆಯಿಂದ ಜನ್ಮಕ್ಕೆ ಬಿಡುಗಡೆ. ಇವರು ತಾವೇ ನನ್ನ ಕ್ಷಮೆ ಕೇಳುತ್ತಾರೆ. ನಾನು ನುಂಗದೇ ಇದ್ದ ಮಾತ್ರೆ ನನಗೆ ಒಗ್ಗಲಿಲ್ಲವಂತೆ.

ಅಷ್ಟರಲ್ಲಿ ಡಾಕ್ಟರಿಗೆ ಏನೋ ಹೊಳೆಯಿತು. ಹೆದರಿಕೆಯ ಕಾಯಿಲೆ ಇದೆಯೇ ಎಂದು ಕೇಳಿದ, ಇದೆ ಎಂದರು ಇವರು. ಪಟ್ಟಿಯಲ್ಲಿ ಖಾಲಿಯಾದ ಗುಳಿಗಳ ಮೇಲೆ ಬೆರಳಾಡಿಸಿದ. ಧ್ವನಿ ತಗ್ಗಿಸಿ, ಮನೆಯಲ್ಲಿ ಜಗಳ ಗಿಗಳ ಆಗಿತ್ತೇ, ಒಟ್ಟಿಗೆ ಎಲ್ಲವನ್ನೂ ನುಂಗಿರುವ ಸಾಧ್ಯತೆ ಇದೆಯೇ ಎಂದ. ಹಾಗಿದ್ದರೆ ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆ ತೊಳೆಯಬೇಕು, ಪೊಲೀಸರಿಗೂ ತಿಳಿಸಬೇಕು. ಇವರು ನನ್ನ ಕಡೆ ನೋಡಿದರು. ಮದುವೆಯಾದಾಗಿನಿಂದ ಈ ಮನುಷ್ಯ ನನ್ನನ್ನು ಹಾಗೆ ನೋಡಿರಲಿಲ್ಲ. ಅದು ಗುಮಾನಿಯ ನೋಟ, ನನಗೆ ಚೆನ್ನಾಗಿ ಗೊತ್ತಿರುವ ನೋಟ.

ನಿಧಿ ಮಂಚದ ಕಾಲ ಬಳಿ ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. "ಅಮ್ಮಾ, ಕ್ಯೂಂ?" ಎಂದಳು. ಹೆದರಿದಾಗ ಅವಳ ಬಾಯಿಗೆ ಕನ್ನಡ ಬರುವುದಿಲ್ಲ.

ಯಾಕೆ ಎಂದು ಕೇಳುತ್ತಿದ್ದಳು ನನ್ನ ಮಗಳು. ಅಮ್ಮ ತನ್ನನ್ನು ಬಿಟ್ಟು ಹೋಗಬೇಕೆಂದು ನುಂಗಿದಳೇ ಎಂದು. ಅವಳನ್ನು ಬಿಟ್ಟು ಹೋಗಬೇಕಾದೀತೆಂಬ ಹೆದರಿಕೆಗೇ ನಾನು ಆ ಮಾತ್ರೆ ಮುಟ್ಟಿರಲಿಲ್ಲ. ಆಗಲೇ ಹೇಳಿಬಿಟ್ಟೆ.

"ರೀ, ಆ ಮಾತ್ರೆ ನಾನು ಒಂದು ದಿನಾನೂ ನುಂಗಿಲ್ಲ. ಎಲ್ಲಾ ಬೇಸಿನ್ನಿಗೆ ಹಾಕ್ತಿದ್ದೆ. ಅವರಿಗೆ ಹೇಳಿ."

ಇವರು ಡಾಕ್ಟರ ಕಡೆ ತಿರುಗಿ, ಕಚೇರಿಯಲ್ಲಿ ಮೇಲಧಿಕಾರಿಗೆ ವರದಿ ಒಪ್ಪಿಸುವ ಧ್ವನಿಯಲ್ಲಿ, ಇಂಗ್ಲಿಷಿನಲ್ಲಿ, ನನ್ನ ಹೆಂಡತಿ ಈ ಮಾತ್ರೆಯನ್ನು ಶುರುವೇ ಮಾಡಿಲ್ಲ ಎಂದರು. ಹಾಗಾದರೆ ಬೆಳಿಗ್ಗೆ ತಿಂದದ್ದೇನು ಎಂದ ಡಾಕ್ಟರು. ಲೌಕಿ ಜ್ಯೂಸ್ ಎಂದೆ. ಅವನಿಗೆ ಅದರಲ್ಲಿ ಏನೂ ಕಾಣಲಿಲ್ಲ, ಅವನ ಅಮ್ಮನೂ ಕುಡಿಯುತ್ತಾರಂತೆ. ಒಲೆ ಹಚ್ಚಲೂ ಬಾರದ ನನ್ನ ಗಂಡ ಬಗ್ಗಿ ಕೇಳಿದರು.

"ಕಹಿಯಾಗಿತ್ತಾ?"

ಹೂಂ ಎಂದು ತಲೆಯಾಡಿಸಿದೆ.

"ಕಹಿ ಸೋರೆಕಾಯಿ ಯಾರಾದ್ರೂ ತಿಂತಾರೇನೆ ಸುಮಾ? ನಿಮ್ಮಮ್ಮನ ಮನೇಲಿ ದನಕ್ಕೂ ಹಾಕ್ತಿರಲಿಲ್ಲ."

ಅಷ್ಟು ಹೇಳಿ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತರು. ನಿಧಿಯೂ ಅತ್ತಳು. ನನಗೆ ಅಳಲು ಮೈಯಲ್ಲಿ ನೀರೇ ಇರಲಿಲ್ಲ.

ಕಹಿ ಸೋರೆಕಾಯಿಯ ವಿಷಕ್ಕೆ ಹೊಟ್ಟೆಯ ಒಳಪದರ ಸುಟ್ಟ ಹಾಗಾಗಿತ್ತು. ಕೆಲವು ದಿನ ಅಲ್ಲೇ ಇಟ್ಟುಕೊಂಡರು, ಗಂಜಿ ಕುಡಿಸಿ ಕಳಿಸಿದರು. ಮನೆಗೆ ಬಂದ ಮೇಲೆ ಇವರು ಬೇಸಿನ್ನಿನ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸೇಠಿ ಆಂಟಿ ಮೂಸಂಬಿ ಹಿಡಿದು ಬಂದು ಕಣ್ಣೀರು ಹಾಕಿದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ, ಲೋಟ ಎತ್ತಿದ್ದು ನನ್ನ ಕೈ. ಪಾರ್ಕಿಗೆ ಈಗಲೂ ಹೋಗುತ್ತೇನೆ, ಉಸಿರು ಬಿಡುತ್ತೇನೆ, ಯಾರ ಲೋಟದಲ್ಲೂ ಬಾಯಿಡುವುದಿಲ್ಲ.

ಮತ್ತೆ ಆ ವಯಸ್ಸಾದ ಹೃದಯದ ಡಾಕ್ಟರ ಹತ್ತಿರ ಹೋದಾಗ ಎಲ್ಲವನ್ನೂ ಹೇಳಿದೆ. ಪೆನ್ನು, ಕ್ಯಾಲೆಂಡರು, ಪಿಂಕಿಯ ಇಂಟರ್‌ವ್ಯೂ, ಮಲಗಿದಲ್ಲೇ ನಿಂತುಹೋಗುವ ಭಯ, ಯಾವುದನ್ನೂ ಬಿಡದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಒಂದೊಂದಕ್ಕೂ ಉತ್ತರ ಕೊಟ್ಟರು. ಪೆನ್ನಿನ ವಿಷಯಕ್ಕೆ ಮಾತ್ರ, ಅದು ಸರಿಯಾಗಿ ಬರೆಯುವುದೂ ಇಲ್ಲ ಎಂದರು. ಕೊನೆಗೆ ಒಂದು ಮಾತು ಹೇಳಿದರು. ಮೊದಲ ಮಾತ್ರೆಯನ್ನು ಮನೆಯಲ್ಲಿ ನುಂಗಬೇಡಿ, ಇಲ್ಲೇ ನುಂಗಿ, ಹೊರಗೆ ಬೆಂಚಿನ ಮೇಲೆ ಬೇಕಾದಷ್ಟು ಹೊತ್ತು ಕೂತಿರಿ, ಸಿಸ್ಟರ್ ಆಗಾಗ ನಾಡಿ ನೋಡುತ್ತಾರೆ. ಎಷ್ಟು ವರ್ಷಗಳ ಮೇಲೆ ಒಬ್ಬ ಡಾಕ್ಟರು ನನ್ನ ಹೆದರಿಕೆಯನ್ನು ಓಡಿಸಲು ನೋಡದೆ ಅದಕ್ಕೊಂದು ಕೂರುವ ಜಾಗ ಕೊಟ್ಟರು.

ಅಲ್ಲೇ, ಅವರ ಎದುರೇ ನುಂಗಿದೆ. ಹೊರಗಿನ ಸ್ಟೀಲಿನ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ರಜೆ ಹಾಕಿ ಬಂದ ಇವರು. ಟೋಕನ್ ಸಂಖ್ಯೆ ಕೂಗುತ್ತಿದ್ದರು, ಜನ ಬರುತ್ತಿದ್ದರು, ಹೋಗುತ್ತಿದ್ದರು. ಪ್ರತಿ ಬಡಿತವನ್ನೂ ಕಾವಲು ಕಾಯುತ್ತಾ ಕೂತಿದ್ದೆ.

"ಏನಾದ್ರೂ ಆಗ್ತಿದೆಯಾ?" ಎಂದು ಇವರು ಮತ್ತೆ ಮತ್ತೆ ಕೇಳುತ್ತಿದ್ದರು.

"ಹಸಿವಾಗ್ತಿದೆ" ಎಂದೆ ಕೊನೆಗೆ. ಕ್ಯಾಂಟೀನಿನಲ್ಲಿ ಛೋಲೆ ಭಟೂರೆ ತಿಂದು ಮನೆಗೆ ಬಂದೆವು. ಹೃದ್ರೋಗಿಗೆ ತಕ್ಕ ತಿಂಡಿಯಲ್ಲ, ಗೊತ್ತು.

ಮಾತ್ರೆ ಶುರುವಾದ ಮೇಲೆ ಎಡವಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೊದಮೊದಲು ಮೈ ಭಾರ, ಸುಸ್ತು. ಅದನ್ನು ಹೇಳಿದಾಗ ಡಾಕ್ಟರು ಪ್ರಮಾಣ ಇಳಿಸಿದರು. ಹೆದರಿಕೆಗೆ ಬೇರೆ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು, ಅವರ ಜೊತೆ ಮಾತಾಡಲು ಈಗಲೂ ಹೋಗುತ್ತೇನೆ. ಗುಮಾನಿ? ಅದೆಲ್ಲಿಗೂ ಹೋಗಿಲ್ಲ. ಹೊಸ ಪಟ್ಟಿ ತಂದರೆ ಇವತ್ತಿಗೂ ಬೆಳಕಿಗೆ ಹಿಡಿದು ನೋಡುತ್ತೇನೆ. ನಂಬಿಕೆ ಬಂದ ಮೇಲೆ ನುಂಗೋಣ ಎಂದು ಕಾದಿದ್ದರೆ ನಾನು ಇನ್ನೂ ಬೇಸಿನ್ನಿನ ಮುಂದೆಯೇ ನಿಂತಿರುತ್ತಿದ್ದೆ. ನಂಬದೆಯೂ ನುಂಗಬಹುದು. ಇದನ್ನು ನನಗೆ ಯಾರಾದರೂ ಮೊದಲೇ ಹೇಳಬೇಕಿತ್ತು ಅನಿಸುತ್ತದೆ.

ಮನೆಯಲ್ಲಿ ಮಾತ್ರ ಒಂದು ಹೊಸ ಪದ್ಧತಿ ಬಂತು. ತಿಂಡಿಯಾದ ಮೇಲೆ ಇವರು ನೀರಿನ ಲೋಟ ಹಿಡಿದು ಎದುರು ನಿಲ್ಲುವರು. ನಾನು ನುಂಗಿ ಬಾಯಿ ತೆರೆಯಬೇಕು. "ನಾಲಿಗೆ ಎತ್ತು" ಎನ್ನುವರು. ಎತ್ತಬೇಕು. ನಲವತ್ತು ದಾಟಿದ ಹೆಂಗಸು, ಸರ್ಕಾರಿ ನೌಕರಳು, ಮಗಳ ಎದುರು ಮಗುವಿನ ಹಾಗೆ ಆ ಎಂದು ಬಾಯಿ ಬಿಟ್ಟು ನಿಲ್ಲುವುದೆಂದರೆ ಅವಮಾನವಲ್ಲವೇ? ಕುದ್ದುಹೋಗುತ್ತಿದ್ದೆ. ಆದರೆ ಬಾಯಿ ತೆರೆಯುತ್ತಿದ್ದೆ. ಅವರು ಇಣುಕಿ ನೋಡಿ, ಬ್ಯಾಗ್ ತೆಗೆದುಕೊಂಡು ಆಫೀಸಿಗೆ ಹೊರಡುತ್ತಿದ್ದರು. ಹೀಗೆ ಒಂದು ವರ್ಷವೇ ಕಳೆಯಿತು.

ಆಮೇಲೊಮ್ಮೆ ಇವರಿಗೆ ಆಫೀಸಿನ ಕೆಲಸದ ಮೇಲೆ ಚಂಡೀಗಢಕ್ಕೆ ಹೋಗಬೇಕಾಯಿತು. ಮರುದಿನ ಬೆಳಿಗ್ಗೆ ನಿಧಿ ಸ್ಕೂಲಿಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ. ಪಟ್ಟಿಯಿಂದ ಮಾತ್ರೆ ತೆಗೆದೆ. ನೋಡುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡೆ, ಆಮೇಲೆ ನುಂಗಿದೆ. ಅಷ್ಟರಲ್ಲಿ ಫೋನು.

"ತಗೊಂಡ್ಯಾ?"

"ತಗೊಂಡೆ."

ಅತ್ತ ಕಡೆ ಮೌನ. ಅದು ಎಂಥ ಮೌನವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಜಿನ ಮುಂದೆ ನಿಂತವರ ಮುಖ ನೋಡುತ್ತಾ ನಾನು ಸುಮ್ಮನಿರುತ್ತಿದ್ದೆನಲ್ಲ, ಅದೇ. ಫೋನಿನಲ್ಲಿ ನಾಲಿಗೆ ಎತ್ತಿ ತೋರಿಸಲಾಗುವುದಿಲ್ಲ. ಆಣೆ ಇಡಲೇ, ನಿಧಿಯ ಹೆಸರು ಹೇಳಲೇ, ಏನು ಹೇಳಿದರೆ ನಂಬುತ್ತಾರೆ ಎಂದು ತಡಕಾಡುತ್ತಿದ್ದೆ.

"ಸರಿ" ಎಂದರು ಇವರು. "ತಿಂಡಿ ಏನು ಮಾಡ್ದೆ?"

ಉಪ್ಪಿಟ್ಟು ಎಂದು ಹೇಳಲು ಹೋದೆ. ಅಳು ನುಗ್ಗಿ ಬಂದು ಮಾತು ಹೊರಡಲಿಲ್ಲ.